ಚೀಟಿಯಲ್ಲಿ ಎರಡೇ ಪದ: ನಾಲಿಗೆಯ ಗಂಟು

ಆ ಚೂರನ್ನು ಬಾಟಲಿಯಿಂದ ತೆಗೆದು ಅಳತೆಪಟ್ಟಿಯ ಪಕ್ಕದಲ್ಲಿಟ್ಟೆ. ಉದ್ದ 3 ಮಿಲಿಮೀಟರ್, ದಪ್ಪ ಹೆಚ್ಚೆಂದರೆ 1 ಮಿಲಿಮೀಟರ್. ಜೊತೆಗೆ ಬಂದ ಚೀಟಿಯಲ್ಲಿ ವಯಸ್ಸು 41, ಹೆಣ್ಣು ಎಂದಿತ್ತು. ರೋಗದ ವಿವರ ಬರೆಯಲೆಂದು ಬಿಟ್ಟ ನಾಲ್ಕು ಗೆರೆಗಳಲ್ಲಿ ಎರಡೇ ಪದ: ನಾಲಿಗೆಯ ಗಂಟು. ಎಷ್ಟು ದಿನದಿಂದ ಇದೆ, ನಾಲಿಗೆಯ ಮೇಲ್ಭಾಗದಲ್ಲೋ ಅಂಚಿನಲ್ಲೋ, ಮೇಲೆ ಹುಣ್ಣಾಗಿದೆಯೇ, ಒತ್ತಿದರೆ ಗಟ್ಟಿಯೋ ಮೆತ್ತಗೋ, ಒಂದೂ ಇರಲಿಲ್ಲ.

ನಾನು ಬಾಯಿಯ ರೋಗಶಾಸ್ತ್ರಜ್ಞೆ. ರೋಗಿಗಳನ್ನು ಎದುರಿಗೆ ಕೂರಿಸಿಕೊಂಡು ನೋಡುವುದು ಅಪರೂಪ. ದಂತವೈದ್ಯರು, ಶಸ್ತ್ರಚಿಕಿತ್ಸಕರು ಬಾಯಿಯಿಂದ ಕತ್ತರಿಸಿ ಕಳಿಸಿದ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅದು ಏನೆಂದು ಹೇಳುವುದು ನನ್ನ ಕೆಲಸ. ಈ ಕೆಲಸಕ್ಕೆ ಸೇರಿ 18 ವರ್ಷಗಳಾದವು. ಆ ಚೂರು ಬಂದದ್ದು ನಾಲ್ಕನೆಯ ವರ್ಷದಲ್ಲಿ, ಕಣ್ಣು ಪಳಗಿದೆ ಎಂಬ ಧೈರ್ಯ ಆಗಷ್ಟೇ ಮೂಡಿದ್ದ ಕಾಲದಲ್ಲಿ.

ಸ್ಲೈಡ್ ಇಟ್ಟ ಕೂಡಲೇ ಕಂಡದ್ದು ಹೊರಪದರ. ಬಾಯಿಯ ಒಳಗೋಡೆಗೆಲ್ಲ ಹಾಸಿರುವ ಚಪ್ಪಟೆ ಕೋಶಗಳ ಈ ಪದರ ಸಾಮಾನ್ಯವಾಗಿ ಕೆಳಗಿನ ಅಂಗಾಂಶದೊಳಕ್ಕೆ ಒಂದಿಷ್ಟು ಬೆರಳು ಚಾಚಿ ಅಲ್ಲಿಗೇ ನಿಲ್ಲುತ್ತದೆ. ಇಲ್ಲಿ ಬೆರಳುಗಳು ಉದ್ದವಾಗಿ, ಅಡ್ಡಾದಿಡ್ಡಿಯಾಗಿ ಇಳಿದಿದ್ದವು. ಕೆಲವು ತುಂಡಾಗಿ ಬೇರ್ಪಟ್ಟು ದ್ವೀಪಗಳಂತೆ ಕಾಣುತ್ತಿದ್ದವು. ಒಂದೆರಡು ದ್ವೀಪಗಳ ಒಳಗೆ, ಉಗುರು-ಕೂದಲಿನಲ್ಲಿರುವ ಗಟ್ಟಿ ಪದಾರ್ಥವಾದ ಕೆರಟಿನ್ ಸುತ್ತಿಕೊಂಡು ಮುತ್ತಿನ ಆಕಾರ ತಾಳಿತ್ತು. ಬಾಯಿಯ ಕ್ಯಾನ್ಸರ್‌ಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಇದೇ ಹೊರಪದರದಿಂದ ಹುಟ್ಟುವ ಸ್ಕ್ವೇಮಸ್ ಕಾರ್ಸಿನೋಮಾ. ನಾಲಿಗೆ ಅದರ ಅಚ್ಚುಮೆಚ್ಚಿನ ಜಾಗ. ನಾನು ವರದಿಯ ಕರಡು ಬರೆದೆ. ಆ ಹೆಸರನ್ನೇ ಬರೆದೆ.

ಕರಡನ್ನು ನೋಡಲು ಬಂದ ನಮ್ಮ ಹಿರಿಯರು ಮೊದಲು ವರದಿಯನ್ನು ಓದಲಿಲ್ಲ, ಸ್ಲೈಡ್ ನೋಡಿದರು. ಐದು ನಿಮಿಷ ಮಾತಿಲ್ಲ. ಆಮೇಲೆ, "ಈ ದ್ವೀಪಗಳ ಕೋಶಗಳು ಇಷ್ಟು ಸಾಧುವಾಗಿ ಏಕಿವೆ ಹೇಳಮ್ಮ?" ಎಂದರು. ನಾನು ಮತ್ತೆ ನೋಡಿದೆ. ನಿಜ. ಕೋಶಬೀಜಗಳು ಒಂದೇ ಅಳತೆಯವು, ವಿಕಾರವಿಲ್ಲ, ತಪ್ಪು ರೀತಿಯ ವಿಭಜನೆ ಒಂದೂ ಇಲ್ಲ. "ಸರಿ, ಇದರ ಕೆಳಗೆ ಏನಿದೆ?" ಎಂದು ಕೇಳಿದರು. ಕೆಳಗೆ ಏನೂ ಇರಲಿಲ್ಲ. ಚೂರು ಅಲ್ಲಿಗೇ ಮುಗಿದಿತ್ತು.

ಮುಗಿಯುವ ಅಂಚಿನಲ್ಲಿ, ಎಡಗಡೆಯ ಮೂಲೆಯಲ್ಲಿ, ಏಳೆಂಟು ಕೋಶಗಳಿದ್ದವು. ದೊಡ್ಡವು, ತಿಳಿಗುಲಾಬಿ ಬಣ್ಣದವು. ಗಡಿ ಮಸುಕು. ಒಳಗೆಲ್ಲ ಸಣ್ಣ ರವೆಯ ಹಾಗೆ ಕಣಗಳು, ನಡುವೆ ಪುಟ್ಟ ಕಪ್ಪು ಕೋಶಬೀಜ. ನಾನು ಅವನ್ನು ಮೊದಲ ಸಲವೂ ನೋಡಿದ್ದೆ. ಕಣ್ಣಿಗೆ ಬಿದ್ದಿದ್ದವು, ಮನಸ್ಸಿಗೆ ಬಿದ್ದಿರಲಿಲ್ಲ.

ಅಂದು ಮಧ್ಯಾಹ್ನ ಆ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿ ಇನ್ನೂ ಆಳದ ಚೂರು ಬೇಕು, ಸ್ನಾಯುವಿನ ತನಕ ಹೋಗಿ ಎಂದು ಕೇಳಿಕೊಂಡೆ. ಗಂಟು ಎರಡು ವರ್ಷದಿಂದ ಇದೆ, ನೋವಿಲ್ಲ, ನಾಲಿಗೆಯ ಮೇಲ್ಭಾಗದಲ್ಲಿದೆ, ಮೇಲೆ ಹುಣ್ಣಿಲ್ಲ ಎನ್ನುವುದು ಆ ಫೋನಿನಲ್ಲಿ ತಿಳಿಯಿತು. ಈ ನಾಲ್ಕು ಮಾತು ಚೀಟಿಯಲ್ಲಿ ಇದ್ದಿದ್ದರೆ ನಾನು ಬೆಳಿಗ್ಗೆಯೇ ತಡೆದು ನಿಲ್ಲುತ್ತಿದ್ದೆ. ನಾಲಿಗೆಯ ಕ್ಯಾನ್ಸರ್ ಹೆಚ್ಚಾಗಿ ಪಕ್ಕದ ಅಂಚಿನಲ್ಲಿ ಹುಟ್ಟುತ್ತದೆ, ಹುಣ್ಣಾಗುತ್ತದೆ, ಎರಡು ವರ್ಷ ಸುಮ್ಮನೆ ಕೂರುವುದಿಲ್ಲ.

ಎರಡನೆಯ ಚೂರು 6 ಮಿಲಿಮೀಟರ್ ಆಳವಿತ್ತು. ಅದರಲ್ಲಿ ಆ ರವೆಯ ಕೋಶಗಳು ಸಾಲುಸಾಲಾಗಿ ಸ್ನಾಯುವಿನ ಎಳೆಗಳ ನಡುವೆ ತುಂಬಿಕೊಂಡಿದ್ದವು. ಗ್ರ್ಯಾನ್ಯುಲರ್ ಸೆಲ್ ಟ್ಯೂಮರ್. ನಿರುಪದ್ರವಿ ಗಂಟು. ಸುತ್ತ ಸ್ವಲ್ಪ ಅಂಚು ಬಿಟ್ಟು ತೆಗೆದರೆ ಮುಗಿಯಿತು, ಮರುಕಳಿಸುವುದು ಅಪರೂಪ. ನನ್ನ ಕರಡು ಹಾಗೆಯೇ ಹೋಗಿದ್ದರೆ ಆಕೆ ನಾಲಿಗೆಯ ಒಂದು ಭಾಗವನ್ನು, ಜೊತೆಗೆ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಕಳೆದುಕೊಳ್ಳುತ್ತಿದ್ದರೇನೋ. ಇದನ್ನು ಬರೆಯುವಾಗಲೂ ಕೈ ಒಂದು ಕ್ಷಣ ತಡೆಯುತ್ತದೆ.

ಈ ಗಂಟಿನ ಕಥೆಯೇ ಹೀಗೆ, ಎದುರಿಗೆ ಬಂದವರನ್ನೆಲ್ಲ ದಾರಿ ತಪ್ಪಿಸಿದ ಕಥೆ. 1926ರಲ್ಲಿ ಇದನ್ನು ವಿವರಿಸಿದವರು ರಷ್ಯಾದ ಅಲೆಕ್ಸಿ ಅಬ್ರಿಕೋಸೊವ್; ಎರಡು ವರ್ಷ ಮೊದಲು ಲೆನಿನ್ ಅವರ ಮರಣೋತ್ತರ ಪರೀಕ್ಷೆ ಮಾಡಿದವರೂ ಅವರೇ. ಕೋಶಗಳು ಸ್ನಾಯುವಿನ ಎಳೆಗಳೊಂದಿಗೆ ಬೆರೆತುಕೊಂಡಿದ್ದದ್ದನ್ನು ಕಂಡು ಅವರು ಇದು ಸ್ನಾಯುವಿನಿಂದಲೇ ಹುಟ್ಟಿದ್ದು ಎಂದು ತೀರ್ಮಾನಿಸಿದರು. ಮಯೋಬ್ಲಾಸ್ಟೋಮಾ ಎಂಬ ಹೆಸರು ದಶಕಗಳ ಕಾಲ ಉಳಿಯಿತು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೂ, ಕೋಶದ ಒಂದೊಂದು ಪ್ರೋಟೀನನ್ನು ಹುಡುಕಿ ಅಂಟಿಕೊಂಡು ಬಣ್ಣ ತೋರುವ ಪ್ರತಿಕಾಯದ ಬಣ್ಣಗಳೂ ಬಂದ ಮೇಲೆ ನಿಜ ತಿಳಿಯಿತು: ಇವು ನರದ ಎಳೆಗೆ ಹೊದಿಕೆಯಾಗಿ ಸುತ್ತಿಕೊಳ್ಳುವ ಶ್ವಾನ್ ಕೋಶಗಳ ಬಳಗ. ಒಳಗಿನ ರವೆ ಎಂದರೆ ಲೈಸೋಸೋಮ್‌ಗಳು, ಕೋಶದ ಕಸ ಅರೆಯುವ ಚೀಲಗಳು. ಅಬ್ರಿಕೋಸೊವ್ ಕಂಡದ್ದರಲ್ಲಿ ತಪ್ಪಿರಲಿಲ್ಲ. ನಾಲಿಗೆ ಎಂದರೆ ಮುಕ್ಕಾಲು ಪಾಲು ಸ್ನಾಯುವೇ, ಅದರಲ್ಲಿ ಏನು ಬೆಳೆದರೂ ಸ್ನಾಯುವಿನ ಪಕ್ಕದಲ್ಲೇ ಬೆಳೆಯಬೇಕು.

ಇನ್ನು ಹೊರಪದರದ ವಿಷಯ. ಕೆಳಗೆ ಈ ಗಂಟು ಕುಳಿತಿರುವಾಗ ಮೇಲಿನ ಪದರ ಕೆರಳಿ ಬೆಳೆಯುತ್ತದೆ, ಬೆರಳು ಚಾಚುತ್ತದೆ, ಕ್ಯಾನ್ಸರಿನ ವೇಷ ಹಾಕುತ್ತದೆ. ಎಲ್ಲ ಗಂಟುಗಳಲ್ಲೂ ಹೀಗಾಗುವುದಿಲ್ಲ; ಆದರೆ ಎಷ್ಟೋ ಗಂಟುಗಳಲ್ಲಿ ಆಗುತ್ತದೆ. ಮೇಲಿನಿಂದ ಒಂದು ಸಿಪ್ಪೆಯಷ್ಟೇ ಎತ್ತಿ ಕಳಿಸಿದರೆ ಪ್ರಯೋಗಾಲಯಕ್ಕೆ ವೇಷ ಮಾತ್ರ ತಲುಪುತ್ತದೆ. ಅಂದಿನಿಂದ ನಾಲಿಗೆಯ ಮೇಲ್ಭಾಗದ ಸ್ಕ್ವೇಮಸ್ ಕಾರ್ಸಿನೋಮಾ ಎಂದು ಬರೆಯುವ ಮೊದಲು ಕೆಳಗಿನ ಅಂಚನ್ನು ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ನೋಡುತ್ತೇನೆ.

ಬಾಯಿಯ ಮೃದು ಅಂಗಾಂಶ ಎಂದರೆ ಹೊರಪದರದ ಕೆಳಗಿರುವ ಎಲ್ಲವೂ: ನಾರು, ಕೊಬ್ಬು, ಸ್ನಾಯು, ನರ, ರಕ್ತನಾಳ. ಇವುಗಳಲ್ಲಿ ಯಾವುದರಿಂದ ಬೇಕಾದರೂ ಗಡ್ಡೆ ಹುಟ್ಟಬಹುದು. ದಿನವೂ ಬರುವವು ಕೆಲವೇ. ಹಲ್ಲಿಗೆ ಕಚ್ಚಿ ಕಚ್ಚಿ ಆದ ನಾರಿನ ಗಂಟು, ಮುಟ್ಟಿದರೆ ರಕ್ತ ಸುರಿಯುವ ಒಸಡಿನ ಕೆಂಪು ಉಬ್ಬು, ತುಟಿಯಲ್ಲಿ ಜೊಲ್ಲಿನ ನಾಳ ಒಡೆದು ಆದ ಗುಳ್ಳೆ. ಅಪರೂಪದವು ಇವುಗಳ ಸಾಲಿನಲ್ಲೇ, ಇವುಗಳ ಮುಖ ಹೊತ್ತೇ ಬರುತ್ತವೆ. ನೂರು ಬಾಟಲಿಗಳಲ್ಲಿ ತೊಂಬತ್ತೊಂಬತ್ತು ಒಂದೇ ತರಹ ಇರುವಾಗ ನೂರನೆಯದರ ಮೇಲೆ ಕಣ್ಣು ನಿಲ್ಲಬೇಕಾದರೆ ಚೀಟಿ ಮಾತಾಡಬೇಕು.

ಅದಕ್ಕೇ ಚೀಟಿಯ ಬಗ್ಗೆ ನನಗೆ ಇಷ್ಟು ಹಟ. ಬಾಯಿಯಲ್ಲಿ ಜಾಗವೇ ಅರ್ಧ ಉತ್ತರ ಹೇಳುತ್ತದೆ. ನಾಲಿಗೆಯ ಮುಂಭಾಗದಲ್ಲಿ, ಮೇಲ್ಗಡೆ, ಲೋಳೆಯ ಹಾಗೆ ಹೊಳೆಯುವ ಗಂಟಿದ್ದರೆ 1995ರಲ್ಲಿ ಮೊದಲು ವಿವರಿಸಲಾದ ಎಕ್ಟೋಮೆಸೆಂಕೈಮಲ್ ಕಾಂಡ್ರೋಮಿಕ್ಸಾಯ್ಡ್ ಟ್ಯೂಮರ್ ನೆನಪಾಗಬೇಕು. ಅದು ಹೆಚ್ಚೂಕಡಿಮೆ ಆ ಒಂದು ಜಾಗವನ್ನು ಬಿಟ್ಟು ಬೇರೆಲ್ಲೂ ಬರುವುದಿಲ್ಲ. ಕೆನ್ನೆಯ ಒಳಭಾಗದಲ್ಲಿ ಜಾರುವ, ಗುಂಡಗಿನ, ಹಳೆಯ ಗಂಟಿದ್ದರೆ ಸಾಲಿಟರಿ ಫೈಬ್ರಸ್ ಟ್ಯೂಮರ್ ಪಟ್ಟಿಯಲ್ಲಿರಬೇಕು. ಗಟ್ಟಿ ಅಂಗುಳದ ಮೇಲೆ, ಹಲ್ಲುಗಳ ಸಮೀಪ, ನೋವಿಲ್ಲದ ಸಣ್ಣ ಉಬ್ಬಿದ್ದರೆ ಪ್ಯಾಲಿಸೇಡೆಡ್ ಎನ್‌ಕ್ಯಾಪ್ಸುಲೇಟೆಡ್ ನ್ಯೂರೋಮಾ ಎಂಬ ನರದ ಗಂಟು ಇರಬಹುದು. ಒಸಡಿನ ಕೆಂಪು ಉಬ್ಬು ತೆಗೆದರೂ ಮತ್ತೆ ಮತ್ತೆ ಬಂದರೆ, ಅಥವಾ ರೋಗಿಗೆ ಹಿಂದೆ ಸ್ತನದ, ಶ್ವಾಸಕೋಶದ ಕ್ಯಾನ್ಸರ್ ಆಗಿದ್ದರೆ, ಅದು ದೂರದಿಂದ ಹರಡಿ ಬಂದದ್ದೇ ಎಂದು ಹುಡುಕಬೇಕು. ಬಾಯಿಯ ಮೃದು ಭಾಗಕ್ಕೆ ಹರಡುವ ಕ್ಯಾನ್ಸರ್‌ಗಳು ಹೆಚ್ಚಾಗಿ ನೆಲೆಯೂರುವುದು ಒಸಡಿನಲ್ಲೇ. ಇದನ್ನೆಲ್ಲ ನಾನು ಊಹಿಸಬಲ್ಲೆ, ಆದರೆ ಒಸಡು ಎಂದು ಯಾರಾದರೂ ಬರೆದು ಕಳಿಸಬೇಕು.

ಬಾಟಲಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಚೂರನ್ನು 10 ಪ್ರತಿಶತ ಫಾರ್ಮಾಲಿನ್‌ನಲ್ಲಿ ಹಾಕಬೇಕು, ಅದೂ ಚೂರಿನ ಗಾತ್ರದ 10ರಿಂದ 20 ಪಟ್ಟು. ಸಲೈನ್‌ನಲ್ಲಿ ಬಂದ ಚೂರು ದಾರಿಯಲ್ಲೇ ಕೊಳೆಯತೊಡಗಿರುತ್ತದೆ. ಇಕ್ಕಳದಿಂದ ಬಿಗಿಯಾಗಿ ಹಿಡಿದ ಕಡೆ ಕೋಶಬೀಜಗಳು ಜಜ್ಜಿ ಮಸಿ ಬಳಿದಂತಾಗುತ್ತವೆ. ಇಕ್ಕಳದ ಬದಲು ಒಂದು ಹೊಲಿಗೆ ದಾರ ಹಾಕಿ ಎತ್ತಿದರೆ ಆ ಹಾನಿ ತಪ್ಪುತ್ತದೆ. ವಿದ್ಯುತ್ ಚಾಕುವಿನಿಂದ ಕತ್ತರಿಸಿದ ಅಂಚು ಸುಟ್ಟು ಹೋಗಿರುತ್ತದೆ, ಓದಲಾಗುವುದಿಲ್ಲ. ಅರಿವಳಿಕೆ ಸೂಜಿಯನ್ನು ಗಂಟಿನೊಳಕ್ಕೇ ಚುಚ್ಚಬಾರದು. 3 ಮಿಲಿಮೀಟರ್ ಚೂರಿನಲ್ಲಿ 1 ಮಿಲಿಮೀಟರ್ ಜಜ್ಜಿ, 1 ಮಿಲಿಮೀಟರ್ ಸುಟ್ಟರೆ ಉಳಿದದ್ದರಲ್ಲಿ ಒಬ್ಬರ ಭವಿಷ್ಯ ಓದಬೇಕು.

ವಯಸ್ಸು ಕೂಡ ಹಾಗೆಯೇ. ಹುಟ್ಟಿ ಎರಡು ದಿನದ ಹೆಣ್ಣುಮಗುವಿನ ಮೇಲಿನ ಒಸಡಿನಿಂದ ತೆಗೆದ ಗುಲಾಬಿ ಗಂಟೊಂದು ಬಂದಿತ್ತು. ತಂದೆತಾಯಿ ಮಗುವಿನ ಮುಖ ನೋಡಿ ಹೆದರಿ ಹೋಗಿದ್ದರಂತೆ, ಬಾಯಿ ಮುಚ್ಚದಷ್ಟು ದೊಡ್ಡ ಗಂಟು. ಸ್ಲೈಡಿನಲ್ಲಿ ಅದೇ ರವೆಯ ಕೋಶಗಳು. ನಾಲಿಗೆಯ ಗಂಟಿನ ಕೋಶಗಳ ಪಕ್ಕದಲ್ಲಿಟ್ಟರೆ ಅಕ್ಕತಂಗಿಯರ ಹಾಗೆ. ಆದರೆ ಎಸ್-100 ಎಂಬ ಪ್ರತಿಕಾಯದ ಬಣ್ಣ ಹಾಕಿದಾಗ ನಾಲಿಗೆಯದು ಕಂದು ಬಣ್ಣಕ್ಕೆ ತಿರುಗುತ್ತದೆ, ಇದು ತಿರುಗುವುದಿಲ್ಲ. ಇದು ನವಜಾತ ಶಿಶುಗಳ ಎಪ್ಯುಲಿಸ್, ಎಂದರೆ ಒಸಡಿನ ಗಂಟು. ನ್ಯೂಮನ್ ಎಂಬವರು 1871ರಲ್ಲೇ ವಿವರಿಸಿದ್ದಾರೆ, ಹೆಚ್ಚು ಬರುವುದು ಹೆಣ್ಣುಮಕ್ಕಳಲ್ಲಿ. ತೆಗೆದ ಮೇಲೆ ಮತ್ತೆ ಬರುವುದಿಲ್ಲ. ಚಿಕ್ಕದಾಗಿದ್ದರೆ ತೆಗೆಯದಿದ್ದರೂ ಕುಗ್ಗಬಹುದು. ಆ ವರದಿಯನ್ನು ನಾನು ಸಂಜೆಯವರೆಗೆ ಕಾಯದೆ ಫೋನಿನಲ್ಲೇ ಓದಿ ಹೇಳಿದೆ. ಆ ತಾಯಿಗೆ ಒಂದು ರಾತ್ರಿಯ ಭಯವಾದರೂ ಕಡಿಮೆಯಾಗಲಿ ಎನ್ನಿಸಿತ್ತು.

ಗಾಬರಿ ಹುಟ್ಟಿಸಿ ನಿರುಪದ್ರವಿಯಾಗಿ ಮುಗಿಯುವವು ಇವೆ, ಸೌಮ್ಯವಾಗಿ ಕಂಡು ಜೀವಕ್ಕೆ ಎರವಾಗುವವೂ ಇವೆ. ನಾಡ್ಯುಲರ್ ಫೇಸಿಯೈಟಿಸ್ ಮೊದಲ ಗುಂಪಿನದು. ಎರಡು ಮೂರು ವಾರಗಳಲ್ಲಿ ಭರಭರನೆ ಬೆಳೆಯುತ್ತದೆ, ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಕೋಶಗಳು ವಿಭಜನೆಯಾಗುತ್ತಿರುತ್ತವೆ. 1955ರಲ್ಲಿ ಇದನ್ನು ಮೊದಲು ಬಣ್ಣಿಸಿದವರೇ ಸಾರ್ಕೋಮಾದ, ಎಂದರೆ ಮೃದು ಅಂಗಾಂಶದ ಕ್ಯಾನ್ಸರಿನ, ಸೋಗು ಹಾಕಿದ ಗಂಟು ಎಂಬ ಅರ್ಥದ ಹೆಸರಿಟ್ಟರು. ಇಲ್ಲಿ ನನಗೆ ಬೇಕಾದ ಒಂದೇ ಪ್ರಶ್ನೆಯ ಉತ್ತರ: ಎಷ್ಟು ದಿನವಾಯಿತು? ನಿಜವಾದ ಸಾರ್ಕೋಮಾ ತಿಂಗಳುಗಟ್ಟಲೆ ಬೆಳೆದು ಬಂದಿರುತ್ತದೆ ಎಂದು ನಿಯಮ ಮಾಡಲಾಗದು, ಆದರೆ ಮೂರು ವಾರದ ಇತಿಹಾಸ, ಒಂದೆರಡು ಸೆಂಟಿಮೀಟರ್ ಗಾತ್ರ, ವಿಕಾರವಿಲ್ಲದ ಕೋಶಬೀಜ ಮೂರೂ ಕೂಡಿದರೆ ನಾನು ಪೆನ್ನು ಕೆಳಗಿಟ್ಟು ಯುಎಸ್‌ಪಿ6 ಜೀನಿನ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಆ ಜೀನಿನ ಮರುಜೋಡಣೆ ಇಂಥ ಗಂಟುಗಳಲ್ಲಿದೆ ಎನ್ನುವುದು 2011ರಲ್ಲಿ ಗೊತ್ತಾಯಿತು. ಅದಕ್ಕೂ ಮೊದಲು ನಮ್ಮ ಹಿಂದಿನವರು ಬರೀ ಕಣ್ಣಿನ ಮೇಲೆ ನಂಬಿಕೆ ಇಟ್ಟು ಇದನ್ನು ಗುರುತಿಸುತ್ತಿದ್ದರು. ಅವರ ಬಗ್ಗೆ ನನಗೆ ಅಪಾರ ಗೌರವ.

ಎರಡನೆಯ ಗುಂಪಿನಲ್ಲಿ ನಾನು ಹೆದರುವುದು ಆಲ್ವಿಯೋಲಾರ್ ಸಾಫ್ಟ್ ಪಾರ್ಟ್ ಸಾರ್ಕೋಮಾ. ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುವ ಮುಖ್ಯ ಜಾಗಗಳಲ್ಲಿ ನಾಲಿಗೆಯೂ ಒಂದು. ನಿಧಾನವಾಗಿ ಬೆಳೆಯುತ್ತದೆ, ನೋಯುವುದಿಲ್ಲ, ರಕ್ತನಾಳ ತುಂಬಿಕೊಂಡಿರುವುದರಿಂದ ಕೆಂಪಗೆ, ನಾಡಿಯಂತೆ ಮಿಡಿಯುತ್ತಲೂ ಇರಬಹುದು. ರಕ್ತನಾಳದ ಗಡ್ಡೆ ಎಂದುಕೊಂಡು ವರ್ಷಗಟ್ಟಲೆ ಕಾದುಬಿಡುತ್ತಾರೆ. ಅಷ್ಟರಲ್ಲಿ ಅದು ಶ್ವಾಸಕೋಶಕ್ಕೆ, ಮೆದುಳಿಗೆ ಹೋಗಿರಬಹುದು. ಕೋಶಗಳು ಗುಂಪುಗುಂಪಾಗಿ ಕೂಡಿ, ನಡುವೆ ತೆಳ್ಳನೆಯ ರಕ್ತನಾಳಗಳು ಗೋಡೆ ಕಟ್ಟಿದ ಹಾಗಿರುತ್ತದೆ. ಪಿಎಎಸ್ ಬಣ್ಣ ಹಾಕಿದರೆ ಕೆಲವು ಕೋಶಗಳ ಒಳಗೆ ಕಡ್ಡಿಯಾಕಾರದ ಹರಳುಗಳು ಕಾಣುತ್ತವೆ. ಟಿಎಫ್ಇ3 ಬಣ್ಣ ಕೋಶಬೀಜವನ್ನು ಗಾಢ ಕಂದು ಮಾಡುತ್ತದೆ. ಒಂದು ಮಗುವಿನ ನಾಲಿಗೆಯಿಂದ ಬಂದ ಚೂರಿನಲ್ಲಿ ಆ ಹರಳುಗಳನ್ನು ಕಂಡ ದಿನ ನಾನು ಸೂಕ್ಷ್ಮದರ್ಶಕದ ದೀಪ ಆರಿಸಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತಿದ್ದೆ. ಹೆಸರು ಸರಿಯಾಗಿ ಸಿಕ್ಕಿದ ಸಮಾಧಾನವೇನೂ ಆಗಿರಲಿಲ್ಲ.

ಪ್ರತಿಕಾಯದ ಬಣ್ಣಗಳ ಬಗ್ಗೆ ಒಂದು ಮಾತು, ಏಕೆಂದರೆ ಕಿರಿಯರು ಅವುಗಳ ಮೇಲೆ ಭಾರ ಹಾಕಿಬಿಡುತ್ತಾರೆ. ಎಸ್-100 ಬಂತು, ಆದ್ದರಿಂದ ನರದ ಗಂಟು ಎಂದು ಬರೆದ ಕರಡುಗಳನ್ನು ನಾನು ತಿದ್ದಿದ್ದೇನೆ. ಎಸ್-100 ಶ್ವಾನ್ ಕೋಶದಲ್ಲೂ ಬರುತ್ತದೆ, ಮೆಲನೋಮಾದಲ್ಲೂ ಬರುತ್ತದೆ, ಕೊಬ್ಬಿನಲ್ಲೂ ಮೃದ್ವಸ್ಥಿಯಲ್ಲೂ ಬರುತ್ತದೆ, ಜೊಲ್ಲುಗ್ರಂಥಿಯ ಎಷ್ಟೋ ಗಡ್ಡೆಗಳಲ್ಲೂ ಬರುತ್ತದೆ. ಸಿಡಿ34 ಬಂದ ಮಾತ್ರಕ್ಕೆ ಸಾಲಿಟರಿ ಫೈಬ್ರಸ್ ಟ್ಯೂಮರ್ ಆಗುವುದಿಲ್ಲ. ಅಲ್ಲಿ ಕೋಶಬೀಜದಲ್ಲಿ ಸ್ಟ್ಯಾಟ್6 ಕಾಣಬೇಕು, 2013ರಲ್ಲಿ ಪತ್ತೆಯಾದ ಜೀನ್ ಬೆಸುಗೆಯ ಗುರುತು ಅದು. ಮೊದಲು ಗುಲಾಬಿ-ನೇರಳೆಯ ಮಾಮೂಲಿ ಸ್ಲೈಡಿನಲ್ಲಿ ಕೋಶಗಳ ಆಕಾರ, ಜೋಡಣೆ, ಅವು ಪಕ್ಕದ ಅಂಗಾಂಶದೊಳಕ್ಕೆ ನುಗ್ಗಿವೆಯೇ ಎನ್ನುವುದನ್ನು ನೋಡಿ ಎರಡು ಮೂರು ಹೆಸರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ಆ ಹೆಸರುಗಳನ್ನು ಬೇರೆಮಾಡುವ ಬಣ್ಣ ಯಾವುದೋ ಅದನ್ನು ಕೇಳಬೇಕು. ಚೂರು ಚಿಕ್ಕದಿದ್ದರೆ ಇದು ಇನ್ನೂ ಮುಖ್ಯ. ಮೇಣದ ಅಚ್ಚಿನಿಂದ ನಾಲ್ಕು ಮೈಕ್ರಾನ್ ದಪ್ಪದ ಪದರಗಳನ್ನು ಎತ್ತುತ್ತಾ ಹೋದ ಹಾಗೆ ಅಂಗಾಂಶ ಖಾಲಿಯಾಗುತ್ತದೆ. ಹತ್ತು ಬಣ್ಣಗಳನ್ನು ಸುಮ್ಮನೆ ಹಾಕಿಸಿ ಹನ್ನೊಂದನೆಯ, ಬೇಕಾದ ಬಣ್ಣಕ್ಕೆ ಚೂರೇ ಉಳಿಯದಂತಾದದ್ದನ್ನು ನಾನು ಕಂಡಿದ್ದೇನೆ.

ಈಗ ಒಂಬತ್ತು ವರ್ಷದ ಹುಡುಗನ ಕಥೆ. ಇದನ್ನು ಬರೆಯಲೆಂದೇ ಇಂದು ಕುಳಿತದ್ದು ಎಂದರೂ ತಪ್ಪಿಲ್ಲ.

ಕೆಳದುಟಿಯ ಒಳಗಿನಿಂದ ತೆಗೆದ 4 ಮಿಲಿಮೀಟರ್ ಗುಳ್ಳೆ. ಹಲ್ಲಿಗೆ ತಾಗುತ್ತಿತ್ತು, ಆದ್ದರಿಂದ ತೆಗೆದಿದ್ದರು. ಚೀಟಿಯಲ್ಲಿ ಫೈಬ್ರೋಮಾ ಎಂದು ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ. ಸ್ಲೈಡಿನಲ್ಲಿ ನಾರಿನ ಗಂಟು ಇರಲಿಲ್ಲ. ಸಡಿಲವಾದ ಅಂಗಾಂಶದಲ್ಲಿ ನರದ ಕಟ್ಟುಗಳು ಹಾವಿನ ಹಾಗೆ ಸುತ್ತಿಕೊಂಡು ಬಿದ್ದಿದ್ದವು, ಪ್ರತಿ ಕಟ್ಟಿನ ಸುತ್ತ ದಪ್ಪನೆಯ ಹೊದಿಕೆ. ತುಟಿಗೆ ಪೆಟ್ಟಾಗಿ ನರ ಕಡಿದರೆ ನರದ ಎಳೆಗಳು ಗೋಜಲಾಗಿ ಗಂಟಾಗುವುದುಂಟು, ಅದು ಅಪರೂಪವಲ್ಲ. ಆದರೆ ಅಲ್ಲಿ ಸುತ್ತ ಗಾಯದ ಕಲೆ ಇರುತ್ತದೆ. ಇಲ್ಲಿ ಕಲೆ ಇರಲಿಲ್ಲ.

ಆ ದಂತವೈದ್ಯರಿಗೆ ಫೋನ್ ಮಾಡಿದೆ. "ಗುಳ್ಳೆ ಇದೊಂದೇಯೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಇಲ್ಲ ಮೇಡಂ, ನಾಲಿಗೆಯ ಅಂಚಿನಲ್ಲೂ ಸಣ್ಣ ಸಣ್ಣವು ಇವೆ. ಹುಟ್ಟಿದಾಗಿನಿಂದ ಹಾಗೇ ಇದೆ ಎಂದು ತಾಯಿ ಹೇಳಿದ್ದರಿಂದ ಬರೆಯಲಿಲ್ಲ" ಎಂದರು. ತುಟಿ ದಪ್ಪಗಿದೆಯೇ ಎಂದೆ. ಹೌದು ಎಂದರು. ಹುಡುಗ ವಯಸ್ಸಿಗೆ ಮೀರಿ ಎತ್ತರ, ಕೈಕಾಲು ತೆಳ್ಳಗೆ ಇವೆಯೇ? ಹೌದು. ತಾಯಿಯ ಹತ್ತಿರ ಇನ್ನೆರಡು ವಿಷಯ ಕೇಳಿ ಎಂದೆ: ಮಗುವಾಗಿದ್ದಾಗಿನಿಂದ ಮಲಬದ್ಧತೆಯ ತೊಂದರೆ ಇತ್ತೇ, ಅಳುವಾಗ ಕಣ್ಣೀರು ಬರುತ್ತಿತ್ತೇ.

ಅರ್ಧ ಗಂಟೆಯಲ್ಲಿ ಅವರೇ ತಿರುಗಿ ಕರೆ ಮಾಡಿದರು. "ಅಳುತ್ತಿದ್ದ, ಕಣ್ಣು ಮಾತ್ರ ಒದ್ದೆಯಾಗುತ್ತಿರಲಿಲ್ಲ ಎನ್ನುತ್ತಿದ್ದಾರೆ ಮೇಡಂ. ನಿಮಗೆ ಹೇಗೆ ಗೊತ್ತಾಯಿತು?"

ಇದು ಎಂಇಎನ್ 2ಬಿ ಎಂಬ ಅಪರೂಪದ ಆನುವಂಶಿಕ ಕಾಯಿಲೆ. ರೆಟ್ ಎಂಬ ಜೀನಿನ 918ನೆಯ ಜಾಗದಲ್ಲಿ ಒಂದು ಅಕ್ಷರ ಬದಲಾಗುವುದರಿಂದ ಇದರ ಬಹುಪಾಲು ಪ್ರಕರಣಗಳು ಉಂಟಾಗುತ್ತವೆ. ಎಷ್ಟೋ ಸಲ ತಂದೆತಾಯಿ ಇಬ್ಬರಲ್ಲೂ ಅದು ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಆಗಿರುತ್ತದೆ. ಹಾಗಾಗಿ ಕುಟುಂಬದ ಇತಿಹಾಸ ಕೇಳಿದರೆ ಏನೂ ಸಿಗುವುದಿಲ್ಲ. ಇದಿರುವವರಲ್ಲಿ ಬಹುತೇಕ ಎಲ್ಲರಿಗೂ ಥೈರಾಯ್ಡಿನ ಮೆಡುಲ್ಲರಿ ಕ್ಯಾನ್ಸರ್ ಬರುತ್ತದೆ, ಅದೂ ಎಳೆಯ ವಯಸ್ಸಿನಲ್ಲಿ. ಹುಟ್ಟಿದಾಗಲೇ ಗೊತ್ತಾದರೆ ಮೊದಲ ವರ್ಷದೊಳಗೆ ಥೈರಾಯ್ಡ್ ತೆಗೆಯಬೇಕು ಎನ್ನುವಷ್ಟು ಬೇಗ. ತುಟಿ, ನಾಲಿಗೆಯ ಗುಳ್ಳೆಗಳು ತಮ್ಮಷ್ಟಕ್ಕೆ ಯಾರಿಗೂ ಕೆಡುಕು ಮಾಡುವುದಿಲ್ಲ. ಆದರೆ ಹೊರಗೆ ಕಣ್ಣಿಗೆ ಕಾಣುವ ಮೊದಲ ಕುರುಹು ಹೆಚ್ಚಾಗಿ ಅವೇ.

ವರದಿಯಲ್ಲಿ ಮ್ಯೂಕೋಸಲ್ ನ್ಯೂರೋಮಾ ಎಂದು ಬರೆದು, ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ ಸೇರಿಸಿದೆ: ರಕ್ತದಲ್ಲಿ ಕ್ಯಾಲ್ಸಿಟೋನಿನ್ (ಥೈರಾಯ್ಡಿನ ಆ ಕ್ಯಾನ್ಸರ್ ಇದ್ದರೆ ಏರುವ ಹಾರ್ಮೋನ್) ಅಳತೆ, ರೆಟ್ ಜೀನ್ ಪರೀಕ್ಷೆ, ಹಾರ್ಮೋನ್ ತಜ್ಞರ ಭೇಟಿ, ಇವು ತಡವಾಗಬಾರದು, ಅರಿವಳಿಕೆ ಕೊಡುವ ಮೊದಲು ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ಆ ಕೊನೆಯ ವಾಕ್ಯ ಬರೆದದ್ದು ಏಕೆಂದರೆ, ಈ ಕಾಯಿಲೆಯವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಆ ಗಡ್ಡೆಯೂ ಬರುತ್ತದೆ, ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಏರಿ ಮೇಜಿನ ಮೇಲೇ ಪ್ರಾಣ ಹೋಗಬಹುದು.

ಹುಡುಗನ ಥೈರಾಯ್ಡಿನ ಎರಡೂ ಬದಿಯಲ್ಲಿ ಕ್ಯಾನ್ಸರ್ ಇತ್ತು. ಎರಡೂ 1 ಸೆಂಟಿಮೀಟರಿಗಿಂತ ಚಿಕ್ಕವು. ತೆಗೆದರು. ವರ್ಷಕ್ಕೆ ಎರಡು ಸಲ ಅವನ ಕ್ಯಾಲ್ಸಿಟೋನಿನ್ ಫಲಿತಾಂಶವನ್ನು ಆ ದಂತವೈದ್ಯರು ನನಗೆ ಕಳಿಸುತ್ತಾರೆ, ನಾನು ಕೇಳಿಕೊಂಡಿದ್ದೇನೆ. ಅವರು ಈಗ ಕಳಿಸುವ ಚೀಟಿಗಳಲ್ಲಿ ಜಾಗ ಸಾಲದೆ ಬರಹ ಹಿಂಬದಿಗೂ ಹೋಗುತ್ತದೆ. ಒಮ್ಮೆ ಬಾಯಿಯ ಚಿತ್ರ ಬರೆದು ಬಾಣದ ಗುರುತು ಹಾಕಿದ್ದರು. ಚೂರಿನ ಮುಂದಿನ ತುದಿಗೆ ಒಂದು ಹೊಲಿಗೆ, ಪಕ್ಕದ ಅಂಚಿಗೆ ಎರಡು ಹೊಲಿಗೆ ಹಾಕಿ, ಯಾವುದು ಯಾವ ದಿಕ್ಕು ಎಂದು ಬರೆದಿದ್ದರು. ಆ ಚೂರು ಮಾಮೂಲಿ ನಾರಿನ ಗಂಟೇ ಆಗಿತ್ತು. ಆದರೂ ಆ ಚೀಟಿಯನ್ನು ಕಡತಕ್ಕೆ ಸೇರಿಸುವ ಮೊದಲು ಕಿರಿಯರಿಗೆಲ್ಲ ತೋರಿಸಿದೆ.

ಇದನ್ನು ಓದುತ್ತಿರುವವರಲ್ಲಿ ವೈದ್ಯರಲ್ಲದವರೂ ಇರುತ್ತೀರಿ. ನಿಮಗೆ ಈ ಹೆಸರುಗಳು ಯಾವುದೂ ನೆನಪಿರಬೇಕಿಲ್ಲ. ಬಾಯಿಯಲ್ಲಿ ಗಂಟೋ ಹುಣ್ಣೋ ಎರಡು ವಾರ ದಾಟಿದರೂ ಹೋಗದಿದ್ದರೆ ತೋರಿಸಿ. ತೋರಿಸಿದಾಗ ಎಂದಿನಿಂದ ಇದೆ, ಬೆಳೆಯುತ್ತಿದೆಯೇ, ಬೇರೆ ಕಡೆಯೂ ಇದೆಯೇ ಎನ್ನುವುದನ್ನು ಕೇಳದಿದ್ದರೂ ಹೇಳಿ. ಹುಟ್ಟಿನಿಂದ ಇದೆ, ಅದರಲ್ಲೇನು ಎಂದು ಬಿಡಬೇಡಿ. ಕತ್ತರಿಸಿ ತೆಗೆದದ್ದು ಎಷ್ಟೇ ಚಿಕ್ಕದಿರಲಿ, ಪರೀಕ್ಷೆಗೆ ಹೋಯಿತೇ ಎಂದು ಕೇಳಿ, ವರದಿಯ ಪ್ರತಿಯನ್ನು ಇಟ್ಟುಕೊಳ್ಳಿ.

ಮೊದಲು ಹೇಳಿದ ಆ 41ರ ಮಹಿಳೆ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳ ಮೇಲೆ ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ವರದಿ ಕೈಯಲ್ಲಿತ್ತು. ಇದನ್ನು ಬರೆದವರು ನೀವೇ ಅಂತೆ, ಅದನ್ನು ನನಗೆ ತೋರಿಸುತ್ತೀರಾ ಎಂದರು. ಹಾಗೆ ಕೇಳಿದವರು ನನ್ನ ಅನುಭವದಲ್ಲಿ ಅವರೇ ಮೊದಲಿಗರು. ಸ್ಲೈಡ್ ಹಾಕಿ, ಕುರ್ಚಿಯ ಎತ್ತರ ಸರಿಮಾಡಿ ಕೂರಿಸಿದೆ. ರವೆಯ ಹಾಗೆ ಕಾಣುತ್ತಿದೆಯಲ್ಲ, ಅದೇ ಎಂದೆ. ಬಹಳ ಹೊತ್ತು ನೋಡಿದರು. ಕಣ್ಣೆತ್ತದೆಯೇ, "ಇದು ನರದ್ದು ಎಂದಿದ್ದೀರಿ. ನರದ್ದಾದರೆ ನನಗೆ ಒಂದು ದಿನವೂ ಏಕೆ ನೋಯಲಿಲ್ಲ ಡಾಕ್ಟರೇ?" ಎಂದು ಕೇಳಿದರು.

ಅಷ್ಟು ಒಳ್ಳೆಯ ಪ್ರಶ್ನೆಯನ್ನು ಪರೀಕ್ಷಾ ಕೊಠಡಿಗಳಲ್ಲೂ ನಾನು ಕೇಳಿರಲಿಲ್ಲ. ಸುದ್ದಿ ಒಯ್ಯುವುದು ನರದ ಎಳೆ, ಈ ಕೋಶಗಳು ಆ ಎಳೆಯ ಹೊದಿಕೆಯವು, ಹೊದಿಕೆ ದಪ್ಪಗಾದರೆ ನೋಯಲೇಬೇಕೆಂದಿಲ್ಲ ಎಂದು ಹೇಳಿದೆ. ತಲೆಯಾಡಿಸಿದರು. ನಾಲಿಗೆಯ ಹೊಲಿಗೆಯ ಜಾಗವನ್ನು ಹಲ್ಲಿನಿಂದ ಮೆಲ್ಲಗೆ ಸವರಿಕೊಂಡಂತೆ ಕಂಡಿತು.

"ಮೊದಲು ಒಂದು ಸಣ್ಣ ಚೂರು ತೆಗೆದಿದ್ದರಲ್ಲ, ಅದೂ ಇದೆಯೇ?"

ಇತ್ತು. ಕಪಾಟಿನಿಂದ ಆ ಸ್ಲೈಡನ್ನೂ ತಂದು ಪಕ್ಕದಲ್ಲಿಟ್ಟೆ, ಎಡಗಡೆಯ ಮೂಲೆ ಎಲ್ಲಿದೆ ಎಂದು ತೋರಿಸಿದೆ. ನಾನು ಮೊದಲು ಏನೆಂದು ಬರೆದಿದ್ದೆ ಎನ್ನುವುದನ್ನೂ ಹೇಳಿದೆ.